ಕುಡಿಯುವ ನೀರಿನ ಮೇಲೆ ನಿಂತು

"ಅಲ್ಲ ಕಣೇ, ಕುಡಿಯೋ ನೀರು ಅಂತೀಯ. ಅದರ ಮೇಲೆ ಕಾಲಿಟ್ಕೊಂಡು ನಿಂತ್ಕೋತಾರಾ?"

ಅಮ್ಮ ವಿಡಿಯೊ ಕಾಲ್‌ನಲ್ಲಿ ಹೀಗೆ ಕೇಳಿ ವರ್ಷವಾಗುತ್ತ ಬಂತು. ಆಗ ಏನೋ ನಕ್ಕು ಮಾತು ತೇಲಿಸಿದ್ದೆ. ಭಾನುವಾರ ಬೆಳಿಗ್ಗೆ ಸಿಂಗಪುರದ ಕಲ್ಲಾಂಗ್ ದಂಡೆಯಲ್ಲಿ ಚಪ್ಪಲಿ ಬಿಟ್ಟು ಬೋರ್ಡನ್ನು ನೀರಿಗಿಳಿಸುವಾಗೆಲ್ಲ ಆ ಪ್ರಶ್ನೆ ನೆನಪಾಗುತ್ತದೆ. ಅವಳು ಕೇಳಿದ್ದು ಅಪಾಯದ ಬಗ್ಗೆಯಲ್ಲ. ಬಿದ್ದರೆ ಏನು ಗತಿ, ಜಾಕೆಟ್ಟು ಹಾಕ್ಕೊಂಡಿದ್ದೀಯಾ, ಒಬ್ಬಳೇ ಹೋಗ್ತೀಯಾ ಎಂಬ ವಿಚಾರಣೆಯೆಲ್ಲ ಮೊದಲೇ ಮುಗಿದಿತ್ತು. ನಾನು ಕಳಿಸಿದ್ದ ವಿಡಿಯೊದಲ್ಲಿ ಹಿಂದೆ ಸ್ಟೇಡಿಯಮ್ಮಿನ ದೊಡ್ಡ ಗುಮ್ಮಟ, ಮುಂದೆ ಅಲೆಯೇ ಇಲ್ಲದ ಹಸಿರುಗಪ್ಪು ನೀರು, ನಡುವೆ ಉದ್ದನೆಯ ಹಲಗೆಯ ಮೇಲೆ ಹುಟ್ಟು ಹಿಡಿದು ನಿಂತ ನಾನು. "ಸಮುದ್ರಾನಾ ಅದು?" ಎಂದಳು. ಅಲ್ಲಮ್ಮ, ಮೊದಲು ಸಮುದ್ರದ ನೀರೇ ಬಂದು ಹೋಗ್ತಿತ್ತು, ಈಗ ಅಡ್ಡ ಕಟ್ಟಿ ಕೆರೆ ಮಾಡ್ಕೊಂಡಿದ್ದಾರೆ, ಈ ಊರಿನ ನಲ್ಲಿಗಳಿಗೆ ಹೋಗೋ ನೀರಲ್ಲಿ ಇದೂ ಒಂದು ಅಂದೆ. ಅಲ್ಲಿಯವರೆಗೆ ನಗುನಗುತ್ತಿದ್ದ ಅಮ್ಮನ ಮುಖ ಸಣ್ಣಗಾಯಿತು.

ಸಿಂಗಪುರದ ಈ ಮೂಲೆಗೆ ನಾವು ಬಂದದ್ದು ಗಂಡನ ಕೆಲಸದಿಂದಾಗಿ. ಬೋರ್ಡಿನ ಹುಚ್ಚು ಹತ್ತಿದ್ದು ಮನೆಯಿಂದ ನೀರಿಗೆ ನಡೆದು ಹೋಗುವಷ್ಟೇ ದೂರವಿದ್ದುದರಿಂದ. ದೂರವಿದ್ದಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಹವ್ಯಾಸಗಳ ವಿಷಯದಲ್ಲಿ ನಾನು ಅಷ್ಟು ಶ್ರದ್ಧಾವಂತೆಯಲ್ಲ.

ನಿಲ್ಲುವುದು

ಸ್ಟ್ಯಾಂಡ್-ಅಪ್ ಪ್ಯಾಡಲ್‌ಬೋರ್ಡಿಂಗ್ ಎಂದರೆ ಹೆಸರೇ ಹೇಳುವಂತೆ ನಿಂತು ಹುಟ್ಟು ಹಾಕುವುದು, ಅಷ್ಟೇ. ಹೊಸಬರಿಗೆ ಕೊಡುವ ಬೋರ್ಡು ಹತ್ತು, ಹತ್ತೂವರೆ ಅಡಿ ಉದ್ದ, ಮೂವತ್ತೆರಡು ಇಂಚಿನಷ್ಟು ಅಗಲ. ಈಗ ಹೆಚ್ಚಿನವು ಗಾಳಿ ತುಂಬುವಂಥವು. ಒಳಗೆ ಮೇಲುಪದರಕ್ಕೂ ಕೆಳಪದರಕ್ಕೂ ಸಾವಿರಾರು ನೂಲೆಳೆಗಳನ್ನು ಹೆಣೆದಿರುವುದರಿಂದ, ೧೨ರಿಂದ ೧೫ ಪಿಎಸ್‌ಐವರೆಗೆ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದರೂ ಬಲೂನಿನ ಹಾಗೆ ಉಬ್ಬದೆ ಚಪ್ಪಟೆಯಾಗಿಯೇ ಇದ್ದು, ಬೆರಳಲ್ಲಿ ತಟ್ಟಿದರೆ ಬಾಗಿಲು ತಟ್ಟಿದ ಸದ್ದು ಬರುತ್ತದೆ. ಕೈಪಂಪಿನಲ್ಲಿ ಕೊನೆಯ ಮೂರ್ನಾಲ್ಕು ಪಿಎಸ್‌ಐ ತುಂಬಿಸುವಷ್ಟರಲ್ಲಿ ಆ ದಿನದ ವ್ಯಾಯಾಮ ಮುಗಿದಿರುತ್ತದೆ. ಬಾಡಿಗೆಗೆ ತೆಗೆದುಕೊಂಡರೆ ಆ ಕಷ್ಟವಿಲ್ಲ.

ನನಗೆ ಕಲಿಸಿದವರು ಅರವತ್ತು ದಾಟಿದ ಒಬ್ಬ ಚೀನೀ ಅಂಕಲ್. ಇಲ್ಲಿ ಟ್ಯಾಕ್ಸಿಯವರೂ ಅಂಕಲ್, ಕಾಫಿ ಮಾಡುವವರೂ ಅಂಕಲ್, ಹಾಗಾಗಿ ಬೆಂಗಳೂರಿನವರಿಗೆ ಈ ಒಂದು ವಿಷಯದಲ್ಲಿ ಹೊಂದಿಕೊಳ್ಳುವ ಕಷ್ಟವಿಲ್ಲ. ಚಿಕ್ಕ ವಯಸ್ಸಿನಲ್ಲಿ ಡ್ರ್ಯಾಗನ್ ಬೋಟ್ ಎಂಬ ಉದ್ದ ದೋಣಿಯ ಪಂದ್ಯದ ತಂಡದಲ್ಲಿದ್ದವರಂತೆ, ತೋಳು ಈಗಲೂ ಹುರಿಗಟ್ಟಿದ ಹಗ್ಗದ ಹಾಗಿದೆ. ಮೊದಲು ಮಂಡಿಯೂರಿ ಕೂರಿಸಿದರು. ಬೋರ್ಡಿನ ನಟ್ಟನಡುವೆ ಒಂದು ಹಿಡಿ ಇರುತ್ತದೆ, ಅದರ ಎರಡು ಕಡೆಗೂ ಮಂಡಿ. ಸ್ವಲ್ಪ ದೂರ ಹಾಗೇ ಹುಟ್ಟು ಹಾಕಿಸಿ, ಕೈ ಊರಿ ಒಂದು ಪಾದ, ಆಮೇಲೆ ಇನ್ನೊಂದು ಪಾದ, ಮಂಡಿ ಇದ್ದ ಜಾಗಕ್ಕೆ ಪಾದಗಳು ಬಂದ ಮೇಲೆ ಮೆಲ್ಲಗೆ ಏಳಬೇಕು. ಎದ್ದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ, ಕಾಲು ನೋಡಿಕೊಳ್ಳುವುದು. ತಲೆ ಬಗ್ಗಿತೋ ಬೋರ್ಡು ಒಂದು ಕಡೆಗೆ ವಾಲಿತು. "ಲುಕ್ ಅಪ್ ಲಾ, ಲುಕ್ ಅಪ್! ಯುವರ್ ಲೆಗ್ ನಾಟ್ ಗೋಯಿಂಗ್ ಎನಿವೇರ್!" ಎಂದು ಅಂಕಲ್ ತಮ್ಮ ಬೋರ್ಡಿನ ಮೇಲಿಂದ ಕೂಗುತ್ತಿದ್ದರು. ತಲೆಯೆತ್ತಿ ಎದುರಿನ ಸೇತುವೆ ನೋಡಿದೆ. ನಿಜಕ್ಕೂ ನಡುಕ ಅರ್ಧಕ್ಕರ್ಧ ನಿಂತಿತು.

ಪೂರ್ತಿ ನಿಲ್ಲಲಿಲ್ಲ. ಮೀನಖಂಡ ಪತರಗುಟ್ಟುವುದು, ಪಾದದ ಬೆರಳುಗಳು ರಬ್ಬರನ್ನು ಕಚ್ಚಿ ಹಿಡಿಯುವುದು ಬಹಳ ದಿನ ನಡೆಯಿತು. ನಿಂತ ನೀರಿನಲ್ಲಿ ಬೋರ್ಡು ಅಲುಗಿದರೆ ಅದಕ್ಕೆ ಕಾರಣ ನಾವೇ. ಸಮುದ್ರದಲ್ಲಾದರೆ ಅಲೆಯನ್ನು ಬೈಯಬಹುದು, ಇಲ್ಲಿ ಬೈಯಲು ಯಾರೂ ಇಲ್ಲ. ಎಡಗಾಲಿಗೆ ಹೆದರಿಕೆಯಾಗಿ ಬಿಗಿಯಾದರೆ ಬೋರ್ಡು ಎಡಕ್ಕೆ, ಅದನ್ನು ಸರಿಮಾಡಲು ಹೋದರೆ ಬಲಕ್ಕೆ. ಹುಟ್ಟು ನೀರಿನಲ್ಲಿರುವಷ್ಟು ಹೊತ್ತು ಮೂರನೆಯ ಕಾಲು ಇದ್ದಂತೆ; ಗಾಬರಿಯಲ್ಲಿ ಅದನ್ನು ಮೇಲೆತ್ತಿಕೊಂಡವರೇ ಬೀಳುವುದು. ಇನ್ನೊಂದು ತಮಾಷೆ: ಈ ಹುಟ್ಟಿನ ಅಲಗು ಹಿಡಿಕೆಗೆ ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ, ಬಾಗು ಮುಂದಕ್ಕೆ ಇರಬೇಕು. ಮಣ್ಣೆಳೆಯುವ ಸಲಿಕೆಯ ಅಭ್ಯಾಸದಿಂದಲೋ ಏನೋ ಹೊಸಬರ ಕೈಗೆ ಅದು ಉಲ್ಟಾ ಅನ್ನಿಸಿ ತಿರುಗಿಸಿ ಹಿಡಿಯುತ್ತಾರೆ. ದಡದಲ್ಲಿ ಕೂತು ನೋಡಿದರೆ ಯಾರು ಹಳಬರು, ಯಾರು ಹೊಸಬರು ಎಂದು ಇದೊಂದರಿಂದಲೇ ಹೇಳಬಹುದು.

ಗಾಳಿಯೆದ್ದರೆ ಕಥೆ ಬೇರೆ. ನಿಂತ ಮನುಷ್ಯನ ಮೈಯೇ ಹಾಯಿಯಾಗಿ ಬೋರ್ಡು ಎತ್ತಲೋ ಹೊರಡುತ್ತದೆ. ಮಾನ ಮರ್ಯಾದೆ ನೋಡದೆ ಮಂಡಿಯೂರಿ ಕೂತುಬಿಡಬೇಕು. ಅದಕ್ಕೇ ಬೆಳಿಗ್ಗೆ ಬೇಗ ಹೋಗುವುದು. ಆಗ ನೀರಿನ ಮೇಲೆ ಡ್ರ್ಯಾಗನ್ ಬೋಟಿನವರ ಎಣಿಕೆಯ ಕೂಗು, ನೆತ್ತಿಯ ಮೇಲೆ ನಮ್ಮೂರಿನಂಥದೇ ಗರುಡ, ಅದೃಷ್ಟವಿದ್ದರೆ ದಡದ ಕಲ್ಲುಗಳ ಮೇಲೆ ಮೀನು ಕಿತ್ತಾಡುವ ನೀರುನಾಯಿಗಳ ಸಂಸಾರ.

ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಹವಾಯಿಯ ವೈಕಿಕಿ ಕಡಲತೀರದ ಹುಡುಗರು ಕಳೆದ ಶತಮಾನದ ನಡುವಿನಲ್ಲೇ ಮಾಡುತ್ತಿದ್ದರು, ೨೦೦೦ದ ಆಸುಪಾಸಿನಲ್ಲಿ ಅಲ್ಲಿನ ದೊಡ್ಡ ಸರ್ಫರ್‌ಗಳು ಅದನ್ನು ಮತ್ತೆ ಎತ್ತಿಕೊಂಡರು. ಅಲ್ಲಿಂದ ಇಪ್ಪತ್ತೇ ವರ್ಷಗಳಲ್ಲಿ ಅದು ನಮ್ಮ ಮೂಲ್ಕಿಯವರೆಗೆ ಬಂದಿದೆ. ೨೦೨೪ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ಆಯಿತು. ಆದರೆ ಕಡಲಿನದು ಕಡಲಿನ ಆಟ. ನನಗೆ ಕುತೂಹಲವಿರುವುದು ನಗರದ ನಡುವಿನ ಈ ಅಲುಗದ ನೀರಿನ ಬಗ್ಗೆ.

ನೀರು ಯಾಕೆ ಅಲುಗುವುದಿಲ್ಲ

ಕಲ್ಲಾಂಗ್ ಬೇಸಿನ್ ತಾನಾಗಿ ಶಾಂತವಾಗಿರುವ ನೀರಲ್ಲ. ೨೦೦೮ರವರೆಗೂ ಇಲ್ಲಿ ದಿನವೂ ಉಬ್ಬರವಿಳಿತವಿತ್ತು. ಆ ವರ್ಷ ಮರೀನಾ ಕಾಲುವೆಯ ಬಾಯಿಗೆ ಅಡ್ಡಲಾಗಿ ೩೫೦ ಮೀಟರ್ ಉದ್ದದ ಮರೀನಾ ಬ್ಯಾರೇಜ್ ಬಂತು. ಒಳಗೆ ಸಿಕ್ಕಿಕೊಂಡ ಉಪ್ಪುನೀರು ಮಳೆ ಬಂದಂತೆಲ್ಲ ತೊಳೆದುಹೋಗಿ ಸಿಹಿಯಾಯಿತು, ೨೦೧೦ರಲ್ಲಿ ಅಧಿಕೃತವಾಗಿ ಜಲಾಶಯವಾಯಿತು. ಇದಕ್ಕೆ ನೀರು ಹರಿದು ಬರುವುದು ಹತ್ತು ಸಾವಿರ ಹೆಕ್ಟೇರ್ ಪ್ರದೇಶದಿಂದ, ಅಂದರೆ ದೇಶದ ಆರನೆಯ ಒಂದು ಭಾಗದಿಂದ. ಅದೂ ಕಾಡಲ್ಲ, ಅಂಗಡಿ ಬೀದಿಗಳು, ಫ್ಲ್ಯಾಟುಗಳು, ರಸ್ತೆಗಳು, ನಮ್ಮ ಬ್ಲಾಕಿನ ಕೆಳಗಿನ ಚರಂಡಿ.

ತೂಬು, ಕೋಡಿ ನೋಡಿ ಬೆಳೆದವರಿಗೆ ಬ್ಯಾರೇಜು ಅರ್ಥವಾಗುವುದು ಕಷ್ಟವಲ್ಲ. ಜೋರು ಮಳೆ ಬಂದು ಒಳಗೆ ನೀರು ಏರಿದಾಗ ಹೊರಗೆ ಸಮುದ್ರ ಇಳಿದಿದ್ದರೆ, ಒಂಬತ್ತು ಉಕ್ಕಿನ ಗೇಟುಗಳನ್ನು ಬಗ್ಗಿಸಿ ನೀರು ಹೊರಗೆ ಬಿಡುತ್ತಾರೆ. ಸಮುದ್ರ ಏರಿರುವ ಹೊತ್ತಿಗೇ ಮಳೆ ಬಂದರೆ ಗೇಟು ತೆಗೆಯುವಂತಿಲ್ಲ, ತೆಗೆದರೆ ಸಮುದ್ರವೇ ಒಳಗೆ. ಆಗ ಏಳು ಪಂಪುಗಳು ಸೆಕೆಂಡಿಗೆ ೨೮೦ ಘನ ಮೀಟರ್‌ವರೆಗೂ ನೀರನ್ನು ಎತ್ತಿ ಆಚೆ ಹಾಕಬಲ್ಲವು. ಕೆಆರ್‌ಎಸ್ ಹೊರಹರಿವಿನ ಸುದ್ದಿ ಓದುವವರ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಸಾವಿರ ಕ್ಯುಸೆಕ್‌ಗೆ ಹತ್ತಿರ. ನಾನು ತೊಡೆ ನಡುಗಿಸಿಕೊಂಡು ನಿಲ್ಲುವ ಆ ಸಮತಟ್ಟು ನೀರಿನ ಹಿಂದೆ ಇಷ್ಟು ದೊಡ್ಡ ನೀರುಗಂಟಿ ಕೆಲಸ ನಡೆದಿರುತ್ತದೆ.

ಅದಕ್ಕೂ ಮೊದಲಿನ ಕಥೆ ಇನ್ನೂ ದೊಡ್ಡದು. ಈ ನದೀಮುಖದಲ್ಲಿ ಒಂದು ಕಾಲದಲ್ಲಿ ದೋಣಿಗಳಲ್ಲೇ ಸಂಸಾರ ಮಾಡುತ್ತಿದ್ದ ಒರಾಂಗ್ ಕಲ್ಲಾಂಗ್ ಎಂಬ ಜನ ಇದ್ದರು. ೧೮೧೯ರಲ್ಲಿ ಇಂಗ್ಲಿಷರು ಬಂದ ಕೆಲವೇ ವರ್ಷಗಳಲ್ಲಿ ಅವರನ್ನು ಇಲ್ಲಿಂದ ಎಬ್ಬಿಸಿ, ಈಗ ಮಲೇಷ್ಯಾದಲ್ಲಿರುವ ಜೋಹೋರಿನ ಪುಲಾಯ್ ನದಿಗೆ ಕಳಿಸಲಾಯಿತು, ಅಲ್ಲಿ ಸಿಡುಬು ಬಡಿದು ಹೆಚ್ಚಿನವರು ಸತ್ತರು. ನೀರಿನ ಮೇಲೆ ನಿಲ್ಲುವುದನ್ನು ಯಾರಿಂದಲೂ ಕಲಿಯಬೇಕಾಗಿರದಿದ್ದ ಆ ಜನರ ಹೆಸರನ್ನು ಈಗ ಒಂದು ಮೆಟ್ರೊ ಸ್ಟೇಷನ್ ಇಟ್ಟುಕೊಂಡಿದೆ. ನಾವು ದುಡ್ಡು ಕೊಟ್ಟು ಅದನ್ನು ಕಲಿಯುತ್ತಿದ್ದೇವೆ.

೧೯೭೦ರ ಹೊತ್ತಿಗೆ ಇದು ನಾರುವ ನೀರು. ಮೇಲುಭಾಗದಲ್ಲಿ ನೂರಾರು ಹಂದಿ ಸಾಕಣೆಗಳು, ಬಾತುಕೋಳಿ ಫಾರಂಗಳು, ದಡದುದ್ದಕ್ಕೂ ಗುಡಿಸಲು, ದೋಣಿ ಕಟ್ಟುವ ಶೆಡ್ಡು, ಬೀದಿ ಬದಿಯ ಅಡುಗೆಯ ಕೊಳೆ. ೧೯೭೭ರಲ್ಲಿ ಆಗಿನ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದೊಳಗೆ ಸಿಂಗಪುರ ನದಿಯಲ್ಲೂ ಕಲ್ಲಾಂಗ್ ನದಿಯಲ್ಲೂ ಮೀನು ಹಿಡಿಯುವಂತಾಗಬೇಕೆಂದು ಗಡುವು ಹಾಕಿದರು, ೧೯೮೭ಕ್ಕೆ ಅದು ಮುಗಿಯಿತು. ನಮ್ಮ ಅಂಕಲ್ ಹುಡುಗನಾಗಿದ್ದಾಗ ಇದೇ ಸುತ್ತಿನ ಕಂಪಾಂಗಿನಲ್ಲಿ, ಅಂದರೆ ಹಳ್ಳಿಯಂಥ ಕೇರಿಯಲ್ಲಿ ಇದ್ದವರು. "ಬಸ್ಸಿನಲ್ಲಿ ನಿದ್ದೆ ಹೋಗಿದ್ದರೂ ಕಲ್ಲಾಂಗ್ ಬಂತು ಅಂತ ಮೂಗು ಎಬ್ಬಿಸುತ್ತಿತ್ತು" ಎನ್ನುತ್ತಾರೆ. ಅವರ ಮನೆಯವರನ್ನೂ ಎಬ್ಬಿಸಿ ಫ್ಲ್ಯಾಟ್ ಕೊಟ್ಟರು. ಅದರ ಬಗ್ಗೆ ಅವರಿಗೆ ಕೋಪವಿದೆಯೇ, ಕೃತಜ್ಞತೆಯಿದೆಯೇ ಎಂದು ನನಗೆ ತಿಳಿಯಲಿಲ್ಲ. ಒಂದು ದಿನ ಒಂದು ಹೇಳುತ್ತಾರೆ, ಇನ್ನೊಂದು ದಿನ ಇನ್ನೊಂದು. ಬೋರ್ಡಿನ ಮೇಲೆ ನಿಂತು ಹುಟ್ಟಿನ ತುದಿಯಿಂದ "ನಮ್ಮ ಮನೆ ಆ ಕಡೆ ಇತ್ತು" ಎಂದು ತೋರಿಸಿದ ಜಾಗದಲ್ಲಿ ಈಗ ಜಾಗಿಂಗ್ ಹಾದಿ ಇದೆ.

ಜನ ನೀರಿನ ಹತ್ತಿರ ಬಂದರೆ ನೀರನ್ನು ತಮ್ಮದೆಂದು ಕಾಪಾಡುತ್ತಾರೆ ಎಂಬುದು ಇಲ್ಲಿನ ಜಲಮಂಡಳಿ ಪಿಯುಬಿಯ ವಾದ. ೨೦೦೬ರಲ್ಲಿ ಅದಕ್ಕಾಗಿಯೇ ಒಂದು ದೊಡ್ಡ ಕಾರ್ಯಕ್ರಮ ಶುರುಮಾಡಿ ಜಲಾಶಯ, ಕಾಲುವೆಗಳನ್ನು ಜನರಿಗೆ ತೆರೆದರು. ಈಜುವಂತಿಲ್ಲ, ಆದರೆ ದೋಣಿ, ಕಯಾಕು, ಬೋರ್ಡು ಎಲ್ಲ ಆಗುತ್ತದೆ. ಕೇಳಲು ಚೆನ್ನಾಗಿದೆ. ನನಗೆ ಮಾತ್ರ ಇದರ ಹಿಂದುಮುಂದಿನ ಬಗ್ಗೆ ಅನುಮಾನ. ಜನ ಬಂದದ್ದರಿಂದ ನೀರು ಸ್ವಚ್ಛವಾಗಲಿಲ್ಲ. ನೀರು ಸ್ವಚ್ಛವಾಗಿ ಎಷ್ಟೋ ವರ್ಷಗಳ ಮೇಲೆ ಜನರನ್ನು ಬಿಟ್ಟುಕೊಂಡರು. ನಡುವೆ ನಡೆದ ಕೆಲಸ ಯಾರ ಫೋಟೊದಲ್ಲೂ ಬರುವುದಿಲ್ಲ: ಮಳೆನೀರಿನ ಚರಂಡಿಯೇ ಬೇರೆ, ಕಕ್ಕಸು–ಬಚ್ಚಲಿನ ಪೈಪೇ ಬೇರೆ ಎಂದು ಇಡೀ ದೇಶದಲ್ಲಿ ಎರಡು ಜಾಲ ಮಾಡಿದ್ದು. ಬ್ಯಾರೇಜು ಬಂದ ವರ್ಷವೇ ನೆಲದಾಳದಲ್ಲಿ ೪೮ ಕಿಲೋಮೀಟರ್ ಉದ್ದದ ಕೊಳಚೆ ಸುರಂಗವೂ ಮುಗಿದಿತ್ತು. ಆ ಕೊಳಚೆಯನ್ನೂ ಬಿಡದೆ ಸೋಸಿ, ರಿವರ್ಸ್ ಆಸ್ಮೋಸಿಸ್ ಮಾಡಿ ಮತ್ತೆ ನೀರು ಮಾಡಿಕೊಂಡರು. ೨೦೦೨ರ ರಾಷ್ಟ್ರೀಯ ದಿನಾಚರಣೆಯಲ್ಲಿ ಇದೇ ಕಲ್ಲಾಂಗಿನ ಹಳೆಯ ಸ್ಟೇಡಿಯಮ್ಮಿನಲ್ಲಿ ಕೂತ ಸಾವಿರಾರು ಜನ ಆ ನೀರಿನ ಬಾಟಲಿ ಎತ್ತಿ ಕುಡಿದರು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಒಂದೊಂದಾಗಿ ಹೇಳೋಣ.

ಅಮ್ಮನ ಕಟ್ಟೆ

ಅಮ್ಮನ ತವರು ತಿಪಟೂರಿನ ಆಚೆ. ಊರ ಮುಂದೆ ಎರಡು ಕಟ್ಟೆ. ಒಂದು ದನಕರು ಮೀಯಿಸುವುದಕ್ಕೆ, ಬಟ್ಟೆ ಒಗೆಯುವುದಕ್ಕೆ. ಇನ್ನೊಂದು ಕುಡಿಯುವ ನೀರಿನದು. ಎರಡನೆಯದಕ್ಕೆ ಹೋಗುವಾಗ ಏರಿಯ ಮೇಲೆಯೇ ಮೆಟ್ಟು ಬಿಡಬೇಕು. ಮೆಟ್ಟಿಲಿಳಿದು ಕೊನೆಯ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೊಡದ ತಳದಿಂದ ನೀರಿನ ಮೇಲ್ಪದರವನ್ನು ಎರಡು ಸಲ ಆಚೆ ತಳ್ಳಬೇಕು, ಕಸಕಡ್ಡಿ, ಹುಳ ಹಿಂದೆ ಸರಿಯುತ್ತದೆ. ಆಮೇಲೆ ಕೊಡವನ್ನು ಓರೆ ಮಾಡಿ ಒಂದೇ ಸಲಕ್ಕೆ ಮುಳುಗಿಸಬೇಕು, ಗುಳುಗುಳು ಅನ್ನಿಸುತ್ತ ಹೊತ್ತು ಮಾಡಿದರೆ ತಳದ ಬಗ್ಗಡ ಏಳುತ್ತದೆ. ಬಾಯಿಗೆ ಬಿಳಿ ಪಂಚೆಯ ತುಂಡು. ಪಾದ ನೀರಿಗೆ ತಾಗಿದರೆ ಹಿಂದೆ ನಿಂತಿರುವ ಅಜ್ಜಿ ಬೆನ್ನಿಗೆ ಒಂದು ಕೊಡುತ್ತಿದ್ದಳು. ಇದನ್ನು ಅಮ್ಮ ಮಾಡಿ ತೋರಿಸುವಾಗ ಈಗಲೂ ಅವಳ ಕೈ ಇಲ್ಲದ ಕೊಡವನ್ನು ಓರೆ ಮಾಡುತ್ತದೆ. ಇಂಥವಳಿಗೆ ಮಗಳು ಹತ್ತಡಿ ಹಲಗೆ ಹಾಸಿಕೊಂಡು ಕುಡಿಯುವ ನೀರಿನ ಮೇಲೆ ಓಡಾಡುವುದು ಹೇಗೆ ಕಾಣಬೇಕು?

ಆ ಮಡಿಯನ್ನು ನಾನು ಲೇವಡಿ ಮಾಡಲಾರೆ. ಶುದ್ಧೀಕರಣ ಘಟಕ ಇಲ್ಲದ ಊರಿನಲ್ಲಿ ಅದೇ ಶುದ್ಧೀಕರಣ. ಆದರೆ ಆ ಕಟ್ಟೆಯ ಬಗ್ಗೆ ಅಮ್ಮ ತಾನಾಗಿ ಹೇಳದ ಮಾತೊಂದಿದೆ. ಹೋದ ಸಲ ನಾನೇ ಕೇಳಿದೆ. ಹೊರಗೇರಿಯವರು ಎಲ್ಲಿಂದ ತರ್ತಿದ್ರು? ಸ್ವಲ್ಪ ತಡೆದು ಹೇಳಿದಳು. ಅವರು ಏರಿಯ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದರಂತೆ, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಉಂಟು. "ಆಗ ಹಂಗಿತ್ತು ಕಣೇ" ಎಂದು ಟಿವಿ ಸದ್ದು ಏರಿಸಿದಳು. ೧೯೨೭ರ ಮಾರ್ಚಿನಲ್ಲಿ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದದ್ದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಅಷ್ಟು ವರ್ಷಗಳ ಮೇಲೂ ನನ್ನ ತಾಯಿಯ ಊರಿನ ಕಟ್ಟೆಗೆ ಆ ಸುದ್ದಿ ಬಂದಿರಲಿಲ್ಲ. ಕೆರೆಗೆ ಕಾಲಿಡಬಾರದು ಎಂಬ ಒಂದೇ ನಿಯಮದೊಳಗೆ ನೀರನ್ನು ಕಾಯುವ ಬುದ್ಧಿಯೂ ಇತ್ತು, ಮನುಷ್ಯರನ್ನು ಆಚೆ ನಿಲ್ಲಿಸುವ ದುಷ್ಟತನವೂ ಇತ್ತು. ಎರಡನ್ನೂ ಬಿಡಿಸಿ ನೋಡದೆ "ಹಿಂದಿನವರು ಕೆರೆಯನ್ನು ದೇವರ ಹಾಗೆ ನೋಡುತ್ತಿದ್ದರು" ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಸದ ದೋಣಿ

ಕಲ್ಲಾಂಗಿನಲ್ಲಿ ಮಳೆಯ ಮರುದಿನ ಹೋಗಬಾರದು. ಈ ಊರಿನಲ್ಲಿ ಗುಡುಗುಮಳೆಗೆ ಇಂಥದೇ ಕಾಲ ಎಂದಿಲ್ಲ. 'ಕ್ಯಾಟ್ ಒನ್' ಎಂದು ಮಿಂಚಿನ ಎಚ್ಚರಿಕೆ ಬಂದರೆ ನೀರಿನಲ್ಲಿರುವವರೆಲ್ಲ ದಡ ಸೇರಬೇಕು. ಮಳೆ ನಿಂತ ಮೇಲೆ ಆರನೆಯ ಒಂದು ಭಾಗ ದೇಶದ ಬೀದಿಕಸ ಚರಂಡಿಗುಂಟ ಇಳಿದು ಬರುತ್ತದೆ. ಎಲೆ, ಸ್ಟ್ರಾ, ಬಬಲ್ ಟೀ ಲೋಟ, ಒಂದೇ ಒಂದು ಚಪ್ಪಲಿ. ಅದನ್ನು ತಡೆಯಲು ಅಲ್ಲಲ್ಲಿ ತೇಲುಬೇಲಿ, ಬಾಚಲು ದೋಣಿ. ಸ್ವಚ್ಛ ಸಿಂಗಪುರ ಎಂದರೆ ಜನ ಕಸ ಹಾಕದ ಊರು ಎಂದುಕೊಂಡವರು ಒಂದು ಸಲ ಈ ದೋಣಿ ನೋಡಬೇಕು.

ಅಂಥ ಒಂದು ಬೆಳಿಗ್ಗೆ ನನ್ನ ಬೋರ್ಡಿನ ಪಕ್ಕಕ್ಕೆ ಕಸದ ದೋಣಿ ಬಂದು ನಿಂತಿತು. ಬಿಸಿಲಿಗೆ ಟೋಪಿಯ ಕೆಳಗೆ ಬಟ್ಟೆ ಸುತ್ತಿಕೊಂಡಿದ್ದ ಹುಡುಗ, ಉದ್ದ ಕೋಲಿನ ಬಲೆಯಿಂದ ನನ್ನ ಕಾಲ ಬಳಿಯ ಥರ್ಮೊಕೋಲ್ ಪೆಟ್ಟಿಗೆಯನ್ನು ಎತ್ತಿಕೊಂಡ. ಮುಖ ನೋಡಿ ತಮಿಳಿನಲ್ಲೇ "ಅಕ್ಕಾ, ಕೆಲಸಾನಾ ಇದು?" ಎಂದು ಕೇಳಿದ. ಅಲ್ಲ, ಸುಮ್ಮನೆ ಅಂದೆ, ಹಲಸೂರಿನಲ್ಲಿ ಕಲಿತ ನನ್ನ ಹರಕು ತಮಿಳಿನಲ್ಲಿ. ದುಡ್ಡು ಕೊಡ್ತಾರಾ? ಇಲ್ಲಪ್ಪ, ನಾನೇ ಕೊಡೋದು. ಎಷ್ಟು ಎಂದು ಕೇಳಿ, ಕೇಳಿದ ಮೇಲೆ ಏನೂ ಹೇಳಲಿಲ್ಲ. ಅವನದು ಪುದುಕ್ಕೋಟೈ ಕಡೆ ಊರು. ಅಮ್ಮನ ಆಕ್ಷೇಪಣೆ ಹೇಳಿದಾಗ ಜೋರಾಗಿ ನಕ್ಕ. ಅವರೂರ ಕುಡಿಯುವ ನೀರಿನ ಊರಣಿಗೂ ಯಾರೂ ಕಾಲಿಡುವಂತಿಲ್ಲವಂತೆ. "ಇಲ್ಲಿ ದಿನಾ ಇದರಲ್ಲೇ ಇದ್ದೀನಿ, ರಾತ್ರಿ ರೂಮಿನ ನಲ್ಲಿಯಲ್ಲಿ ಇದನ್ನೇ ಕುಡೀತೀನಿ. ಬಿಸಿ ಕೂಡ ಮಾಡಲ್ಲ" ಎಂದ. ಬಲೆ ಕೊಡವಿ ಮುಂದೆ ಹೋದ. ನಾನು ಅವನ ದೋಣಿಯ ಅಲೆಗೆ ಮಂಡಿಯೂರಿ ಕೂತೆ.

ನೀರಿನ ಹತ್ತಿರ ಬಂದರೆ ಕಾಳಜಿ ಹುಟ್ಟುತ್ತದೆ ಎನ್ನುವ ಮಾತಿಗೆ ಇವನನ್ನು ಎಲ್ಲಿ ಸೇರಿಸುವುದು ಎಂದು ನನಗೆ ಗೊತ್ತಾಗಿಲ್ಲ. ಈ ನೀರಿಗೆ ಇವನಷ್ಟು ಹತ್ತಿರ ನಮ್ಮ ಬೋರ್ಡಿನವರು ಯಾರೂ ಇಲ್ಲ. ಆದರೆ ಜಾಹೀರಾತಿನಲ್ಲಿ ನೀರಿನೊಡನೆ ನಂಟು ಬೆಳೆಸಿಕೊಳ್ಳುತ್ತಿರುವುದು ನಾವು.

ಬೇಲಿಯ ಕೆಳಗಿಂದ

ಇಷ್ಟನ್ನೂ ಕೇಳಿಸಿಕೊಂಡರೆ ಬೆಂಗಳೂರಿನಲ್ಲಿರುವ ನನ್ನ ಅಣ್ಣ ಸಿಡುಕುತ್ತಾನೆ. "ನಿಮ್ಮ ಸಿಂಗಪುರದ ಕಥೆ ಇಲ್ಲಿ ಹೇಳಬೇಡ" ಎಂದು ಶುರುಮಾಡುತ್ತಾನೆ. ಅವನು ಬಡಾವಣೆಯ ಕೆರೆ ಉಳಿಸುವ ಗುಂಪಿನಲ್ಲಿದ್ದಾನೆ. ಹೆಸರು ಬೇಡ, ಎಲ್ಲ ಬಡಾವಣೆಗೂ ಅಂಥದೊಂದು ಕೆರೆ, ಅಂಥದೊಂದು ಗುಂಪು ಇದೆ. ಕೆರೆಗೆ ಮೊದಲು ಬೇಕಾದದ್ದು ಬೇಲಿ ಎಂಬುದು ಅವನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವೂ ಇದೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಕಟ್ಟಿದ ಊರು ಅದು. ಬೇಲಿ ಹಾಕದಿದ್ದರೆ ಕೆರೆಯೇ ಸೈಟಾಗುತ್ತದೆ. ಬೋರ್ಡು, ದೋಣಿ ಎಂದು ಶುರುವಾದರೆ ಹಿಂದೆಯೇ ಗೋಬಿ ಮಂಚೂರಿ ಅಂಗಡಿ, ಪಾರ್ಕಿಂಗು, ಟೆಂಡರು ಬರುತ್ತದೆ ಎನ್ನುತ್ತಾನೆ. ಅದೂ ಸುಳ್ಳಲ್ಲ.

ಆದರೆ ಆ ಬೇಲಿ ಯಾರನ್ನು ತಡೆದಿದೆ? ಹುಲ್ಲು ಕೊಯ್ಯಲು ಬರುತ್ತಿದ್ದ ಹೆಂಗಸರನ್ನು, ಎಮ್ಮೆಗಳನ್ನು, ಗಾಳ ಹಾಕುವ ಹುಡುಗರನ್ನು. ವಾಕಿಂಗಿನವರಿಗೆ ಬೆಳಿಗ್ಗೆ ಸಂಜೆ ಗೇಟು ತೆರೆಯುತ್ತದೆ. ರಾಜಕಾಲುವೆ ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಬೇಲಿಯ ಕೆಳಗಿಂದ ಒಳಗೆ ಬರುತ್ತದೆ. ಮಳೆನೀರು ತರಬೇಕಾದ ಕಾಲುವೆ ತರುವುದು ಊರಿನ ಬಚ್ಚಲನ್ನು. ಬೆಳ್ಳಂದೂರು ನೊರೆಯುಕ್ಕಿ ರಸ್ತೆಗೆ ಬಂದಾಗ, ೨೦೧೭ರಲ್ಲಿ ಬೆಂಕಿ ಹತ್ತಿಕೊಂಡಾಗ ಅದರ ದಡದಲ್ಲಿ ಯಾರೋ ಎಮ್ಮೆ ಮೀಯಿಸಿದ್ದರಿಂದ ಹಾಗಾಗಲಿಲ್ಲ.

ಊರು ಕುಡಿಯುವ ನೀರಿಗೆ ಕೆರೆಗಳ ಹಂಗೇ ತೊರೆದದ್ದು ಇದಕ್ಕೆಲ್ಲ ಮೂಲ ಇರಬೇಕು ಎಂದು ನನಗನ್ನಿಸುತ್ತದೆ. ೧೮೯೪ರಲ್ಲಿ ಹೆಸರಘಟ್ಟ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿ, ಆಮೇಲೆ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿದ ಕಾವೇರಿ. ನೀರು ಅಷ್ಟು ದೂರದಿಂದ ಬರಲು ಶುರುವಾದ ಮೇಲೆ ಮನೆ ಮುಂದಿನ ಕೆರೆಗೆ ಏನು ಸೇರಿದರೆ ಯಾರಿಗೇನು? ಸಿಂಗಪುರಕ್ಕೆ ಆ ಆಯ್ಕೆ ಇರಲಿಲ್ಲ. ಜೋಹೋರಿನಿಂದ ನೀರು ತರುವ ಒಪ್ಪಂದ ೨೦೬೧ಕ್ಕೆ ಮುಗಿಯುತ್ತದೆ, ಹಾಗಾಗಿ ಬೀದಿಯ ಮೇಲೆ ಬಿದ್ದ ಮಳೆಯನ್ನೂ ಕುಡಿಯಲೇಬೇಕು. ಇಲ್ಲಿಯವರು ನಮಗಿಂತ ಒಳ್ಳೆಯವರು ಎಂದು ನಾನು ನಂಬುವುದಿಲ್ಲ. ಬೇರೆ ದಾರಿ ಇರಲಿಲ್ಲ, ಬಿಗಿಯಾದ ಸರ್ಕಾರವೊಂದಿತ್ತು, ಅಷ್ಟೇ. ಬೆಂಗಳೂರಿನಲ್ಲೂ ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರು ಜೊಂಡಿನ ಜೌಗಿನ ಮೂಲಕ ಸೇರುತ್ತದೆ. ೨೦೧೮ರಿಂದ ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತ ಯಾಕಿಲ್ಲ ಎಂದು ಕೋಲಾರದವರು ಕೇಳುತ್ತಿರುವುದು ನ್ಯಾಯವೇ. ನಾವು ಸ್ಟೇಡಿಯಮ್ಮಿನಲ್ಲಿ ಕೂತು ಕುಡಿಯದ ನೀರನ್ನು ಅವರ ಅಂತರ್ಜಲಕ್ಕೆ ಇಳಿಸುತ್ತಿದ್ದೇವೆ.

ಈ ಫೆಬ್ರುವರಿಯಲ್ಲಿ ಊರಿಗೆ ಹೋದಾಗ ಅಣ್ಣನೇ ಕರೆದ, ಬಾ ತೋರಿಸ್ತೀನಿ ಎಂದು. ಅವನ ಗುಂಪಿನವರು ಬೇಲಿಯ ವಿಷಯ ಸ್ವಲ್ಪ ಬದಿಗಿಟ್ಟು, ಭಾನುವಾರಗಳಲ್ಲಿ ಗಮ್‌ಬೂಟು ಹಾಕಿಕೊಂಡು ಕೆರೆಯಿಂದ ಮೇಲಕ್ಕೆ ರಾಜಕಾಲುವೆಗುಂಟ ನಡೆಯಲು ಶುರುಮಾಡಿದ್ದಾರೆ. ಎಲ್ಲೆಲ್ಲಿ ಯಾವ ಪೈಪು ಬಂದು ಸೇರಿದೆ ಎಂದು ಬರೆದುಕೊಳ್ಳುವುದು, ಫೋಟೊ ತೆಗೆಯುವುದು, ಇಲಾಖೆಗೆ ಅರ್ಜಿ ಹಾಕುವುದು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಲೆಡ್ಜರಿನ ಹಾಗೆ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಪೈಪಿನ ವ್ಯಾಸ, ಬಣ್ಣ, ವಾಸನೆ ಎಂದು ಮೂರು ಕಾಲಂ ಮಾಡಿಕೊಂಡಿದ್ದರು. ವಾಸನೆಯ ಕಾಲಮ್ಮಿನಲ್ಲಿ 'ಸೋಪು', 'ಅಡುಗೆಮನೆ', 'ಹೇಳಬೇಕಾಗಿಲ್ಲ' ಎಂದು ಅಂದವಾದ ಅಕ್ಷರದಲ್ಲಿ ಬರೆದಿತ್ತು.

ಒಂದು ಅಪಾರ್ಟ್‌ಮೆಂಟಿನ ಹಿಂಗೋಡೆಯಿಂದ ಆರಿಂಚಿನ ಪಿವಿಸಿ ಪೈಪು ಹೊರಬಂದು, ಬೂದು ಬಣ್ಣದ ನೀರು ಧಾರಾಕಾರ ಸುರಿಯುತ್ತಿತ್ತು. ಕಾಲುವೆಯ ತಳದಲ್ಲಿ ಬಿದ್ದ ಕಡೆ ಸಣ್ಣಗೆ ನೊರೆ. ನಾವು ಫೋಟೊ ತೆಗೆಯುತ್ತಿದ್ದುದನ್ನು ಕಂಡು ಮೇಲಿನಿಂದ ವಾಚ್‌ಮನ್ ಬಗ್ಗಿ ನೋಡಿದ. ಅಣ್ಣ ಇದೇನಪ್ಪ ಎಂದು ಕೇಳಿದ್ದಕ್ಕೆ, ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಯಾರೋ ಮೊದಲೇ ಹೇಳಿಕೊಟ್ಟವರ ಹಾಗೆ ತಡವರಿಸದೆ ಉತ್ತರ ಕೊಟ್ಟ.

"ಅದು ಮಳೆನೀರಿನ ಪೈಪು ಸಾರ್."

ಬ್ಯಾಂಕಿನವರು ಆಕಾಶ ನೋಡಿ, ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ಕಾಲಂ ಎಳೆದರು.